ಹೆಡ್‌ಕ್ಲಾರ್ಕರು ನೋಡದ ಹಿತ್ತಲು

"ಹಿಡಿ, ಹಿಡಿಯೇ! ನಿನ್ನ ಕಾಲ ಹತ್ರಾನೇ ಬಂತು!"

ಪಕ್ಕದ ಮನೆಯ ಬೇಕರಿಯಾಕೆ ಪಿಸುದನಿಯಲ್ಲೇ ಕಿರುಚಿದಳು. ಕೆಂಪು ಹೇಂಟೆಕೋಳಿ, ಅಳುತ್ತ ಕುಳಿತವರ ಮಂಡಿಗಳ ನಡುವೆ ನುಗ್ಗಿ, ಹಾಲ್‌ನ ಮಧ್ಯೆ ಟೈಲರಮ್ಮನ ಶವ ಮಲಗಿಸಿದ್ದ ಮಂಚದಡಿಗೆ ಸೇರಿಕೊಂಡಿತು. ಮಗಳು ಅಮ್ಮನ ಪಾದ ಹಿಡಿದು ಅಳುವವಳ ಹಾಗೆ ಬಗ್ಗಿ, ಮಂಚದ ಕೆಳಗೆ ಕೈ ತೂರಿಸಿ, ಕೋಳಿಯ ಕಾಲು ಸಿಕ್ಕಿದ್ದೇ ತಡ ಎಳೆದು ಶಾಲಿನೊಳಗೆ ಮುಚ್ಚಿಕೊಂಡಳು.

"ಪಾಪ, ಅಮ್ಮನ್ನ ಎಷ್ಟು ಹಚ್ಕೊಂಡಿದ್ಲು" ಎಂದು ಹಿಂದಿನಿಂದ ಯಾರೋ ನಿಟ್ಟುಸಿರಿಟ್ಟರು.

ತಲೆಯ ಬಳಿ ಕುರ್ಚಿಯಲ್ಲಿದ್ದ ಗಂಡ, ನಗರಸಭೆಯ ನಿವೃತ್ತ ಹೆಡ್‌ಕ್ಲಾರ್ಕರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದರು. ಬಂದವರು ಅದನ್ನು ದುಃಖ ಅಂದುಕೊಂಡರು. ದುಃಖವೂ ಇತ್ತು, ಬೇಕಾದಷ್ಟಿತ್ತು. ಆದರೆ ಕಣ್ಣು ಮುಚ್ಚಿದ್ದು ರೆಕ್ಕೆ ಬಡಿದ ಸದ್ದಿಗೆ. ನೋಡಿಬಿಟ್ಟರೆ ನೋಡಿದ ಹಾಗಾಗುತ್ತಲ್ಲ!

ಮಗಳು ಕೋಳಿಯನ್ನು ಹಿತ್ತಲಿಗೆ ಬಿಟ್ಟು ಬಾಗಿಲು ಹಾಕುವಷ್ಟರಲ್ಲಿ ಬೇಕರಿಯಾಕೆ ಏದುಸಿರು ಬಿಡುತ್ತ ಬಂದಳು.

"ಕೆಟ್ವಿ ಕಣೇ! ನಗರಸಭೆ ಇನ್‌ಸ್ಪೆಕ್ಟರ್ ಬಂದ. ಮೂಲೇಲಿ ಜೀಪ್ ನಿಂತಿದೆ, ಹಿಂದೆ ಪಂಜರ ಇಟ್ಕೊಂಡಿದಾನೆ."

"ಇವತ್ತಾ? ಅಮ್ಮನ್ನ ಇನ್ನೂ ಎತ್ತಿಲ್ಲ!"

"ಎದುರು ಮನೆಗೆ ಹೊಸದಾಗಿ ಬಾಡಿಗೆಗೆ ಬಂದೋರು ದೂರು ಕೊಟ್ಟಿದ್ರಂತೆ. ಅವರೂ ಒಳಗೆ ಕೂತು ಅಳ್ತಿದಾರೆ, ನೋಡು ಹೋಗು."

ಮಗಳು ಹಿತ್ತಲ ಬಾಗಿಲಿಗೆ ಚಿಲಕ ಹಾಕಿದಳು. ಪಂಜರಕ್ಕೆ ಹೋದ ಕೋಳಿ ತಿರುಗಿ ಬಂದದ್ದನ್ನು ಈ ಊರಿನಲ್ಲಿ ಯಾರೂ ಕಂಡಿಲ್ಲ. ಆಸ್ಪತ್ರೆಯಲ್ಲಿ ಅಮ್ಮ ಕೊನೆಯದಾಗಿ ಕೇಳಿದ್ದೂ ಅವುಗಳನ್ನೇ: "ಹುಡುಗೀರು ತಿಂದ್ರಾ?"

*

ಊರೊಳಗಿನ ಮನೆಗಳಲ್ಲಿ ಕೋಳಿ ಸಾಕಕೂಡದು ಎಂಬ ನಿಯಮವನ್ನು ತಿದ್ದಿ, ಟೈಪು ಮಾಡಿ, ನೋಟಿಸ್ ಬೋರ್ಡಿಗೆ ಅಂಟಿಸಿದವರು ಆಗಿನ್ನೂ ಕೆಲಸದಲ್ಲಿದ್ದ ಹೆಡ್‌ಕ್ಲಾರ್ಕರೇ. ಅದೇ ವಾರ ಅವರ ಹೆಂಡತಿ ಗುಂಡಿಯ ಡಬ್ಬಿಯೊಂದನ್ನು ಎದೆಗವಚಿಕೊಂಡು ಮನೆಗೆ ಬಂದಳು. ಡಬ್ಬಿಯ ಮುಚ್ಚಳಕ್ಕೆ ತೂತುಗಳಿದ್ದವು.

"ಏನದು, ಒಳಗೆ ಚಿಂವ್ ಚಿಂವ್ ಅಂತಿದೆ?"

"ಗುಂಡಿ."

"ಗುಂಡಿ ಕೂಗುತ್ತಾ?"

"ಹೊಸ ಗುಂಡಿ. ಹಳೇದಾದ್ಮೇಲೆ ಸುಮ್ನಾಗ್ತವೆ."

ಗಂಡ ಡಬ್ಬಿಯತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. "ನೋಡು, ನಾಳೆ ಯಾರಾದ್ರೂ ಕೇಳಿದ್ರೆ ನಂಗೆ ಸುಳ್ಳು ಹೇಳೋಕೆ ಬರಲ್ಲ. ಅದಕ್ಕೇ ನಂಗೇನೂ ತೋರಿಸ್ಬೇಡ."

"ನಾನೆಲ್ಲಿ ತೋರಿಸ್ದೆ? ನೀವೇ ಇಣುಕ್ತಿರೋದು."

ಅಂದಿನಿಂದ ಅವರು ಹಿತ್ತಲಿಗೆ ಕಾಲಿಡಲಿಲ್ಲ. ತಮ್ಮ ಬಟ್ಟೆಗಳನ್ನು ಮುಂದಿನ ಜಗಲಿಯಲ್ಲಿ ಒಣಗಿಸಿದರು. ಹಿತ್ತಲ ಕಡೆಯ ಕಿಟಕಿಗೆ ತಾವೇ ಪರದೆ ತಂದು ಕೊಟ್ಟರು. ಬೆಳಗಿನ ಮೊಟ್ಟೆಯನ್ನು ಮಾತ್ರ ಚಪ್ಪರಿಸಿ ತಿಂದರು. "ಯಾವ ಅಂಗಡೀದು?" ಎಂದು ಒಮ್ಮೆ ಕೇಳಿದ್ದುಂಟು. "ಹತ್ತಿರದ್ದೇ" ಎಂದಳು ಅವಳು. ಅಷ್ಟಕ್ಕೇ ಬಿಟ್ಟರು. ಮಹಾ ಪ್ರಾಮಾಣಿಕ ಮನುಷ್ಯ, ಅವರ ಮಟ್ಟಿಗೆ!

ಮೊಟ್ಟೆಯಿಟ್ಟ ಕೋಳಿ ಊರಿಗೆಲ್ಲ ಡಂಗುರ ಸಾರದೆ ಇರುತ್ತದೆಯೇ? ಅದಕ್ಕೂ ಟೈಲರಮ್ಮನ ಬಳಿ ಉಪಾಯವಿತ್ತು. ಹೇಂಟೆ ಕೊಕ್ಕೊಕ್ಕೋ ಎಂದು ಬಾಯಿ ತೆಗೆದ ಕೂಡಲೇ ಅವಳು ಹೊಲಿಗೆ ಮೆಷಿನ್ ಮೇಲೆ ಕೂತು ಮನೆ ಅದುರುವಂತೆ ತುಳಿಯುತ್ತಿದ್ದಳು. ಬಟ್ಟೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಬೀದಿಯವರಿಗೆಲ್ಲ ಇದು ಗೊತ್ತಿತ್ತು. ಮೆಷಿನ್ ಹುಚ್ಚೆದ್ದು ಓಡಿತೆಂದರೆ ಬೇಕರಿಯಾಕೆ ಮೊಟ್ಟೆಗೆಂದು ಬಟ್ಟಲು ಹಿಡಿದು ಹೊರಡುತ್ತಿದ್ದಳು.

*

ಇನ್‌ಸ್ಪೆಕ್ಟರು ಬಾಗಿಲಲ್ಲಿ ಬೂಟು ಕಳಚಿ, ತಲೆ ತಗ್ಗಿಸಿ ಒಳಗೆ ಬಂದರು. ಹೆಡ್‌ಕ್ಲಾರ್ಕರ ಕೈಕೆಳಗೆ ಕೆಲಸ ಕಲಿತವರು. ಟೈಲರಮ್ಮನ ಮುಖ ನೋಡಿದಾಗ ಅವರು ಕಣ್ಣೊರೆಸಿಕೊಂಡದ್ದು ನಾಟಕವಲ್ಲ. ಅವರ ಮೊದಲ ಯೂನಿಫಾರ್ಮು ಹೊಲಿದುಕೊಟ್ಟವಳು ಅವಳೇ.

ಸರಿಯಾಗಿ ಅದೇ ಹೊತ್ತಿಗೆ ಹಿತ್ತಲಿನಿಂದ ಎದ್ದಿತು:

"ಕೊಕ್! ಕೊಕ್ಕೊಕ್ಕೊಕ್ಕೋ!"

ಬೇಕರಿಯಾಕೆ ಎದೆ ಬಡಿದುಕೊಂಡು "ಅಯ್ಯೋ ಅಕ್ಕಾ!" ಎಂದು ಗೋಳಿಟ್ಟಳು. ಕೋಳಿ ಅವಳಿಗಿಂತ ಜೋರು. ಮಗಳು ಹಾರಿ ಒಳಕೋಣೆಗೆ ಓಡಿದಳು. ಮರುಕ್ಷಣ ಮೆಷಿನ್ ಗಡಗಡಗಡ ಎಂದು ಓಡತೊಡಗಿತು. ಗೋಡೆಯ ಕ್ಯಾಲೆಂಡರು ನಡುಗಿತು.

"ಏನೇ ಇದು! ಸಾವಿನ ಮನೇಲಿ ಹೊಲಿಗೆನಾ?" ಟೈಲರಮ್ಮನ ಅಕ್ಕ ಗದರಿದರು. ಅವರು ಬೇರೆ ಊರಿನವರು, ಮೆಷಿನ್ನಿನ ಮರ್ಮ ತಿಳಿಯದು.

"ಹೊದಿಸೋ ಬಟ್ಟೆಗೆ ಅಂಚು ಹೊಲೀತಿದೀನಿ ದೊಡ್ಡಮ್ಮಾ!" ಮಗಳು ತುಳಿಯುತ್ತಲೇ ಕೂಗಿದಳು. ಸೂಜಿಯಲ್ಲಿ ದಾರವೇ ಇರಲಿಲ್ಲ. ನಗು ಬರುತ್ತಿತ್ತು, ಕಣ್ಣೀರೂ ಸುರಿಯುತ್ತಿತ್ತು. ಅಮ್ಮನ ಪಾದಗಳು ಸವೆಸಿದ ಪೆಡಲಿನ ಮೇಲೆ ತನ್ನ ಪಾದಗಳು ಸರಿಯಾಗಿ ಕೂತಿದ್ದವು.

ಕೊನೆಗೂ ಕೋಳಿ ಸುಮ್ಮನಾಯಿತು. ಮೆಷಿನ್ನೂ ನಿಂತಿತು.

ಇನ್‌ಸ್ಪೆಕ್ಟರು ಹೆಡ್‌ಕ್ಲಾರ್ಕರ ಮುಂದೆ ಬಗ್ಗಿದರು. "ಸಾರ್, ಈ ಹೊತ್ತಲ್ಲಿ ಕೇಳಬಾರ್ದು. ಆದ್ರೆ ದೂರು ಬಂದಿದೆ, ಮೇಲಿನವರು ಇವತ್ತೇ ವರದಿ ಕೇಳ್ತಿದಾರೆ. ಮನೇಲಿ ಕೋಳಿ..."

"ನಾನು ನೋಡಿಲ್ಲಪ್ಪ."

"ನೋಡಿಲ್ಲ ಅಂದ್ರೆ ಸಾಲದು ಸಾರ್. ಇಲ್ಲ ಅನ್ಬೇಕು. ನಾನೇ ಹಿತ್ತಲು ಜಾಲಾಡಿದ್ರೆ ಚೆನ್ನಾಗಿರಲ್ಲ, ಅಮ್ಮ ಇಲ್ಲಿ ಮಲಗಿರೋವಾಗ. ನೀವು ಒಂದ್ಸಲ ನೋಡ್ಕೊಂಡು ಬಂದು ಹೇಳ್ಬಿಡಿ. ನೀವು ಸುಳ್ಳು ಹೇಳೋರಲ್ಲ ಅಂತ ಆಫೀಸಿಗೆಲ್ಲ ಗೊತ್ತು. ನಿಮ್ಮ ಮಾತೇ ಸಾಕು."

ಹೆಡ್‌ಕ್ಲಾರ್ಕರು ಎದ್ದರು. ಹೆಂಡತಿಯ ಮುಖವನ್ನೊಮ್ಮೆ ನೋಡಿ, ಅಡುಗೆಮನೆ ದಾಟಿ, ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದರು. ಅದನ್ನು ಯಾವ ಕಡೆಗೆ ಎಳೆಯಬೇಕೆಂದು ಕೂಡ ಅವರಿಗೆ ಗೊತ್ತಿರಲಿಲ್ಲ.

ಮಗಳು ಒಳಕೋಣೆಯ ಕಿಟಕಿ ಪರದೆ ಸರಿಸಿ ನೋಡಿದಳು. ಬಾಗಿಲು ಕಿರ್ರೆಂದಿದ್ದೇ ಹೇಂಟೆಗಳೆಲ್ಲ ಎದ್ದುಬಿದ್ದು ಓಡಿಬಂದು ಅಪ್ಪನನ್ನು ಮುತ್ತಿಕೊಂಡವು, ಪಂಚೆಯ ಅಂಚನ್ನು ಕುಕ್ಕಿದವು. ಕಂದು ಬಣ್ಣದ್ದು, ಬಿಳಿಯದು, ಕೆಂಪಿನದು. ಅಪ್ಪ ಒಂದೊಂದನ್ನೇ ಕಣ್ತುಂಬ ನೋಡಿದರು.

"ಅವಳಲ್ರೋ, ನಾನು" ಎಂದರು. "ಅವಳು ಬರಲ್ಲ."

ಆಮೇಲೆ ಕಾಲಿಡಲು ಜಾಗ ಹುಡುಕುತ್ತ ಬಗ್ಗಿದರು. ಎದ್ದರು. ಒಳಗೆ ಬಂದರು. ಮಗಳೂ ಅವರ ಹಿಂದೆಯೇ ಹಾಲಿಗೆ ಓಡಿದಳು.

"ಏನೂ ಇಲ್ಲ" ಎಂದರು ಹೆಡ್‌ಕ್ಲಾರ್ಕರು. ಇಡೀ ಹಾಲಿಗೆ ಕೇಳುವಂತೆ, ಸ್ಪಷ್ಟವಾಗಿ. "ಒಂದು ಕೋಳೀನೂ ಇಲ್ಲ. ಬರ್ಕೋ."

ಅವರ ಬಲಗೈಯಲ್ಲಿ ಮೊಟ್ಟೆ ಇತ್ತು.

ತುಳಿದುಬಿಟ್ಟೇನೆಂದು ಎತ್ತಿಕೊಂಡಿದ್ದರು, ಎಲ್ಲಿಡಬೇಕೆಂದು ತಿಳಿಯದೆ ಹಾಗೇ ಹಿಡಿದು ಬಂದಿದ್ದರು. ಬೇಕರಿಯಾಕೆ ಕಂಡಳು, ಮಗಳು ಕಂಡಳು. ದೂರು ಕೊಟ್ಟವರೂ ಕಂಡು ಕಣ್ಣು ಕೆಳಗೆ ಹಾಕಿದರು. ಇನ್‌ಸ್ಪೆಕ್ಟರು ತುಸು ಹೊತ್ತು ಆ ಕೈಯನ್ನೇ ನೋಡಿದರು. ಆಮೇಲೆ ಮುಂದೆ ಬಂದು, ಸಂತಾಪ ಹೇಳುವವರಂತೆ ತಮ್ಮ ಎರಡೂ ಕೈಗಳಿಂದ ಮುದುಕರ ಬೆರಳುಗಳನ್ನು ಮೊಟ್ಟೆಯ ಸುತ್ತ ಮೆಲ್ಲಗೆ ಮಡಚಿದರು.

"ಸರಿ ಸಾರ್" ಎಂದರು. "ಇಲ್ಲ ಅಂತಲೇ ಬರೀತೀನಿ."

ಟೈಲರಮ್ಮನನ್ನು ಹೊತ್ತ ವ್ಯಾನು ಬೀದಿಯಲ್ಲಿ ನಿಧಾನವಾಗಿ ಹೊರಟಿತು. ಹೆಡ್‌ಕ್ಲಾರ್ಕರು ಹಿಂದೆ ನಡೆದರು. ಎಡಗೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಬಲಗೈಯನ್ನು ಮಾತ್ರ ಎದೆಗೆ ಒತ್ತಿಕೊಂಡು, ಇನ್ನೂ ಬಿಸಿಯಾರದ ಮೊಟ್ಟೆ ಒಡೆಯದ ಹಾಗೆ ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತಿದ್ದರು.