ಕತ್ತರಿ ವಾಪಸ್ಸು ಬಂದ ದಿನ

ಡಾಕ್ಟರು ಬಾಯಿ ಬಿಡುವ ಮೊದಲೇ ಬೇಕಾದ ಸಲಕರಣೆ ಅವರ ಅಂಗೈಯಲ್ಲಿರಬೇಕು. ಕೊಚಬಂಬ ನಗರದ ಆಪರೇಷನ್ ಥಿಯೇಟರೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ನರ್ಸಾಗಿ ನಾನು ಮೆರೆದದ್ದು ಇದೊಂದೇ ಜಂಬದ ಮೇಲೆ.

ಆ ಬೆಳಿಗ್ಗೆ ಹೊಟ್ಟೆನೋವೆಂದು ಬಂದವಳು ಇಲ್ಯಾರಿ, ಹನ್ನೊಂದು ವರ್ಷದವಳು. ಅವಳ ತಾಯಿ ಕಸಿಲ್ಡಾ ಮಾರ್ಕೆಟ್ಟಿನ ತನ್ನ ಅಂಗಡಿಯಲ್ಲಿ ನನಗೆ ದಿನಾ ಬಿಸಿ ಜೋಳದ ಗಂಜಿ, ಆಪಿ, ಕುಡಿಸುವವಳು. ಹುಡುಗಿಯ ಅಂಡಾಶಯ ತಿರುಚಿಕೊಂಡಿತ್ತು. ಎರಡು ವರ್ಷದ ಹಿಂದೆ ಇನ್ನೊಂದು ಬದಿಯದೂ ಹೀಗೇ ತಿರುಚಿ, ಕಪ್ಪಾಗಿ, ಇದೇ ಟೇಬಲ್ಲಿನ ಮೇಲೆ ಹೋಗಿತ್ತು. ಅಂದು ಹಳೆಯ ದೊಡ್ಡ ಡಾಕ್ಟರಿಗೆ ಕತ್ತರಿ ಕೊಟ್ಟವಳು ನಾನೇ. ಕಪ್ಪಾದದ್ದು ಸತ್ತಂತೆ ಎನ್ನುವುದು ಆಗ ನಮಗೆ ವೇದವಾಕ್ಯ. ಈಗ ಉಳಿದದ್ದು ಇದೊಂದೇ.

ಒಳಗೆ ಕರೆದೊಯ್ಯುವಾಗ ಕಸಿಲ್ಡಾ ನನ್ನ ತೋಳು ಹಿಡಿದು, ಅಂಗಡಿಯಲ್ಲಿ ಕಾಯಂ ಗಿರಾಕಿಯನ್ನು ಕರೆಯುವ ಹಾಗೆಯೇ ಕರೆದಳು. “ಕಸೇರಾ, ಇದೂ ಹೋದ್ರೆ ನನ್ ಮಗಳು ದೊಡ್ಡವಳೇ ಆಗಲ್ವಾ?”

ಮಾತ್ರೆ ಕೊಟ್ಟು ಮೈ ಬೆಳೆಸಬಹುದು ಎಂದೆ. ಮಕ್ಕಳಾಗುವುದಿಲ್ಲ ಎನ್ನುವುದನ್ನು ಅವಳು ನನ್ನ ಮುಖದಲ್ಲೇ ಓದಿಕೊಂಡಳು.

ಹೊಸ ಸರ್ಜನ್ ಡಾಕ್ಟರ್ ಕೊಂಡಾರ್ಕೊ ನನ್ನ ಮಗಳ ಓರಗೆಯವಳು. ಹೊಕ್ಕುಳಲ್ಲೊಂದು ತೂತು, ಪಕ್ಕಕ್ಕೆರಡು. ಒಳಗೆ ಹೋಗುವುದೆಲ್ಲ ಹೆಣಿಗೆ ಕಡ್ಡಿಯಷ್ಟು ಸಪೂರ. ಕ್ಯಾಮೆರಾದ ಪರದೆಯ ಮೇಲೆ ಅಂಡಾಶಯ ಕಾಣಿಸಿತು. ಕಸಿಲ್ಡಾ ಆಪಿಗೆ ಕುದಿಸುವ ನೇರಳೆ ಜೋಳದ ಬಣ್ಣ. ಯಾರೂ ಕೇಳದೆಯೇ ನನ್ನ ಕೈ ಕತ್ತರಿ ಚಾಚಿತು.

ಆಕೆ ಅದನ್ನು ನನಗೇ ಹಿಂದಿರುಗಿಸಿದಳು. “ಇದು ಬೇಡ, ದೋನ್ಯಾ ಒರ್ತೆನ್ಸಿಯಾ. ಮೊಂಡು ಕಡ್ಡಿ ಕೊಡಿ.”

ನನಗೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಬಂದವಳು ನನಗೆ ಪಾಠ ಹೇಳುವುದೇ? ಆದರೆ ಊದಿಕೊಂಡ ಆ ಅಂಗವನ್ನು ಆಕೆ ಒಮ್ಮೆಯೂ ಚಿಮಟದ ಬಾಯಿಗೆ ಕೊಡಲಿಲ್ಲ. ಕಚ್ಚಿ ಹಿಡಿದರೆ ಹರಿದೇ ಹೋಗುತ್ತದೆ. ಕಡ್ಡಿಯ ಮಗ್ಗುಲಿನಿಂದ ಮೆಲ್ಲಗೆ ಹೊರಳಿಸಿದಳು, ಮಲಗಿದ ಕೂಸಿಗೆ ಎಚ್ಚರವಾಗದಂತೆ ಮಗ್ಗುಲು ಬದಲಿಸುವ ಹಾಗೆ. ಎರಡೂವರೆ ಸುತ್ತು ಬಿಚ್ಚಿತು. ಆಮೇಲೆ ಬೆಚ್ಚನೆಯ ಉಪ್ಪುನೀರು ಬಿಟ್ಟು, ರಕ್ತ ಮರಳುತ್ತದೇನೋ ಎಂದು ಕಾದಳು.

ಹತ್ತು ನಿಮಿಷ ಕಳೆಯಿತು. ಬಣ್ಣ ಎಳ್ಳಷ್ಟೂ ತಿರುಗಲಿಲ್ಲ.

“ಇನ್ನೂ ಕಪ್ಪಗೇ ಇದೆಯಲ್ಲ ಡಾಕ್ಟರಮ್ಮ,” ಎಂದೆ.

“ಇರಲಿ. ಪೆಟ್ಟು ಬಿದ್ದ ಕಣ್ಣೂ ಕಪ್ಪಗಾಗುತ್ತೆ. ಕಿತ್ತು ಹಾಕ್ತೀವಾ?”

ಮತ್ತೆ ತಿರುಚದಂತೆ ಎರಡು ಹೊಲಿಗೆ ಹಾಕಿ, ಅದನ್ನು ಅಲ್ಲೇ ಬಿಟ್ಟು ಹೊರಬಂದಳು. ಕತ್ತರಿಸಿ ತೆಗೆದದ್ದನ್ನು ಹಾಕಲೆಂದು ಇಟ್ಟಿದ್ದ ನನ್ನ ಬಟ್ಟಲು ಖಾಲಿಯಿತ್ತು. ಖಾಲಿ ಬಟ್ಟಲನ್ನೇ ತೊಳೆಯುತ್ತಾ, ಎರಡು ವರ್ಷದ ಹಿಂದಿನದನ್ನು ನೆನೆದು ಅತ್ತುಬಿಟ್ಟೆ.

ಒಂದೂವರೆ ವರ್ಷ ಕಸಿಲ್ಡಾಳ ಹತ್ತಿರ ಮಗಳ ವಿಷಯ ಕೇಳುವ ಧೈರ್ಯ ನನಗಾಗಲಿಲ್ಲ. ದಿನಾ ಆಪಿ ಕುಡಿದು ಬರುತ್ತಿದ್ದೆ. ಕಳೆದ ಶನಿವಾರ ಅವಳು ಲೋಟ ತುಂಬಿ ಚೆಲ್ಲುವವರೆಗೆ ಸುರಿದಳು. ಮಗಳು ಹೊಸ ಹಾಸಿಗೆಯನ್ನೆಲ್ಲ ಹಾಳು ಮಾಡಿದಳೆಂದು ಬೈಯುತ್ತಿದ್ದಳು, ಬೈಯುತ್ತಲೇ ಅಳುತ್ತಿದ್ದಳು. ಹಿಂದೆ ಎಣ್ಣೆ ಬಾಣಲೆಯ ಮುಂದಿದ್ದ ಇಲ್ಯಾರಿ ಕಿವಿಯವರೆಗೂ ಕೆಂಪಾಗಿ, ಇಡೀ ಮಾರ್ಕೆಟ್ಟಿಗೆ ಕೇಳಿಸುತ್ತದೆ ಎಂದು ಗೊಣಗಿದಳು.

“ಕೇಳಿಸ್ಲಿ ಬಿಡು,” ಎಂದಳು ಕಸಿಲ್ಡಾ. “ದೊಡ್ಡವಳಾದ್ಲು, ಕಸೇರಾ.”