ಕೆಂಪಾಗದೆ ಏರಿದ ಹೊಳೆ

ಹೊಳೆದಂಡೆಯ ಊರುಗಳಲ್ಲಿ ಒಂದು ರೋಗವಿದೆ. ಯಾವ ಡಾಕ್ಟರ ಹತ್ತಿರವೂ ಅದಕ್ಕೆ ಗುಳಿಗೆ ಇಲ್ಲ. ಆ ರೋಗ ಬಂದವರಿಗೆ ಡಂಗುರ ಹೊಡೆದರೂ ಕೇಳುವುದಿಲ್ಲ, ಅಣೆಕಟ್ಟಿನ ಭೋಂಗಾ, ಅಂದರೆ ಸೈರನ್, ಕೂಗಿದರೂ ಕೇಳುವುದಿಲ್ಲ. ‘ನಮ್ಮ ಹೊಳಿ ನಮಗ ಗೊತ್ತಿಲ್ಲೇನು?’ ಎನ್ನುವುದೇ ಆ ರೋಗ. ಹಿಡಕಲ್ ಅಣೆಕಟ್ಟಿನ ಕೆಳಗೆ, ಘಟಪ್ರಭೆಯ ದಂಡೆಯ ಒಂದು ಸಣ್ಣ ಊರಿನಲ್ಲಿ ಲಗಮಪ್ಪ ಎಂಬ ಹಿರಿಯರಿಗೆ ಅದು ಬಲವಾಗಿಯೇ ಅಂಟಿಕೊಂಡಿತ್ತು.

ಲಗಮಪ್ಪ ಬಲೆ ಹಾಕುವ ಮನೆತನದವರು. ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮೀನು ಹಿಡಿಯುತ್ತಾರೆ, ನಿಜ. ಆದರೆ ಅವರ ಜೀವವೆಲ್ಲ ಇದ್ದದ್ದು ಊರ ಮುಂದಿನ ಹೊಳೆಯಲ್ಲಿ. ಅದರಲ್ಲೂ ಹೊಳೆಯ ನಡುವೆ ಎಮ್ಮೆ ಮಲಗಿದಂತೆ ಇರುವ ಒಂದು ಕರಿಬಂಡೆಯಲ್ಲಿ. ಅದಕ್ಕೆ ಊರವರು ಇಂದ್ರವ್ವನ ಕಲ್ಲು ಎನ್ನುತ್ತಾರೆ. ಇಂದ್ರವ್ವ ಬೇರೆ ಯಾರೂ ಅಲ್ಲ, ಲಗಮಪ್ಪನವರ ತಾಯಿ.

ಆಗಿನ್ನೂ ಅಣೆಕಟ್ಟಿನಲ್ಲಿ ನೀರು ನಿಂತಿರಲಿಲ್ಲ. ಇಂದ್ರವ್ವ ಆ ಬಂಡೆಯ ಮೇಲೆ ಬಲೆ ಹರವಿ ಒಣಗಿಸುತ್ತಿದ್ದಳು. ಬಂಡೆಯ ಒಂದು ಮಗ್ಗುಲಿಗೆ ಮೆಟ್ಟಿಲಿನಂಥ ಒಂದು ಚಾಚು ಇತ್ತು. ಅದರ ಮೇಲೆ ಕೂತು, ಕಾಲು ನೀರಿಗೆ ಇಳಿಬಿಟ್ಟು, ಹರಿದ ಬಲೆ ಹೆಣೆಯುತ್ತಿದ್ದಳು. ಮಗನಿಗೆ ಮೀನು ಸುಟ್ಟು ಕೊಡುತ್ತಿದ್ದಳು. ಅವನು ರೊಟ್ಟಿಯಲ್ಲಿ ಸುತ್ತಿಕೊಂಡು ತಿನ್ನುತ್ತಿದ್ದ. ಆ ಸುಟ್ಟ ಮೀನಿನ ವಾಸನೆ ನೆನೆದರೆ ಲಗಮಪ್ಪನವರ ಬಾಯಲ್ಲಿ ಈಗಲೂ ನೀರು ಬರುತ್ತದೆ, ಕಣ್ಣಲ್ಲೂ ಬರುತ್ತದೆ.

ಇಂದ್ರವ್ವ ಮಗನಿಗೆ ಒಂದು ಮಾತು ಕಲಿಸಿದ್ದಳು. “ಹೊಳಿ ಏರೂಕಿಂತ ಮೊದಲ ಕೆಂಪಾಕ್ಕೈತಿ ಮಗಾ. ನೀರ ಕೆಂಪಾತಂದ್ರ ಬಲಿ ಬಿಟ್ಟು ದಂಡಿಗೆ ಓಡಿ ಬಾ.” ಈ ಮಾತು ಒಂದಲ್ಲ, ಹತ್ತು ಸಲ ಅವರ ಜೀವ ಉಳಿಸಿತ್ತು. ತಾಯಿಯ ಮಾತನ್ನು ವೇದದಂತೆ ನಂಬುವುದಕ್ಕೆ ಅವರಿಗೆ ಬೇರೆ ಕಾರಣ ಬೇಕಿರಲಿಲ್ಲ.

ಅವಳು ಹಾಕಿಕೊಟ್ಟ ಪದ್ಧತಿಯೊಂದು ಮನೆಯಲ್ಲಿ ಇನ್ನೂ ನಡೆದಿತ್ತು. ಶ್ರಾವಣ ಶುಕ್ರವಾರ ಆ ಬಂಡೆಗೆ ಹೋಗಿ ಹೊಳೆಗೆ ಉಡಿ ತುಂಬುವುದು. “ಹೊಳಿ ಅಂದ್ರ ನಮ್ಮನಿ ಮಗಳಿದ್ದಂಗ. ಮುಂದಿನ ಊರಿಗೆ ಹೊಂಟಾಳ. ಬರೀ ಉಡಿಲೆ ಕಳಸಬಾರದು” ಎನ್ನುತ್ತಿದ್ದಳು ಇಂದ್ರವ್ವ. ಹಸಿರು ಖಣ, ಬಳೆ, ಅರಿಷಿಣ ಕುಂಕುಮ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ. ಯಾವುದಕ್ಕೂ ಕಡಿಮೆ ಮಾಡುತ್ತಿರಲಿಲ್ಲ.

ಆ ವರ್ಷ ಶ್ರಾವಣ ಬಂದರೂ ಊರಲ್ಲಿ ಹನಿ ಮಳೆ ಇರಲಿಲ್ಲ. ಹೊಳೆ ಮೊಣಕಾಲಿಗಿಂತ ಕೆಳಗಿತ್ತು. ಗುರುವಾರ ಸಂಜೆ ಪಂಚಾಯ್ತಿಯ ಗಾಡಿ ಓಣಿ ಓಣಿ ತಿರುಗಿ, ಅಣೆಕಟ್ಟಿನಿಂದ ನೀರು ಬಿಡುತ್ತಾರೆ, ಯಾರೂ ಹೊಳೆಗೆ ಇಳಿಯಬಾರದು ಎಂದು ಕೂಗಿ ಹೋಯಿತು. ಅದರ ಹಿಂದೆಯೇ ಮುರಿಗೆಪ್ಪ ಬಂದು ಲಗಮಪ್ಪನವರ ಕಟ್ಟೆಯ ಮೇಲೆ ಕೂತರು. ಮುರಿಗೆಪ್ಪ ಬಾಲ್ಯದ ಗೆಳೆಯ. ಅಣೆಕಟ್ಟಿನ ಗೇಟು ಎತ್ತುವ, ಇಳಿಸುವ ಕೆಲಸ ಮಾಡಿ ನಿವೃತ್ತರಾದವರು.

ಸೊಸೆ ನಂದಾ ಚಹಾ ತಂದುಕೊಟ್ಟಳು. ಮುರಿಗೆಪ್ಪ ಬಸಿಗೆ ಸುರಿದುಕೊಂಡು, “ಲಗಮಾ, ನಾಳಿ ಆ ಕಲ್ಲಿಗೆ ಹೋಗಬ್ಯಾಡೋ” ಎಂದರು.

“ಯಾಕ? ಮುಗಲಾಗ ಒಂದ ಮಾಡ ಇಲ್ಲ.”

“ಇಲ್ಲಿ ಇಲ್ಲ ಖರೆ. ಮ್ಯಾಲ ಘಟ್ಟದಾಗ ಹಗಲೂ ರಾತ್ರಿ ಹೊಡ್ಯಾಕತ್ತೈತಿ. ಡ್ಯಾಮ ತುಂಬೈತಿ.”

“ತುಂಬ್ಲಿ. ನೀರ ಕೆಂಪಾದ ಕೂಡಲೇ ಎದ್ದ ಬರ್ತೀವಿ. ನನಗ ಹೊಳಿ ಕಲಸಾಕ ಬಂದ್ಯಾ? ನೀ ಗೇಟ್ ತಿರುವಿದಾಂವ, ನಾ ಹೊಳ್ಯಾಗ ಹುಟ್ಟಿದಾಂವ.”

ಮುರಿಗೆಪ್ಪ ನಕ್ಕರು. ಗೆಳೆಯನ ಮಾತಿಗೆ ಸಿಟ್ಟು ಮಾಡಿಕೊಳ್ಳುವ ವಯಸ್ಸು ಇಬ್ಬರಿಗೂ ದಾಟಿತ್ತು. “ಅದಕ್ಕ ಹೇಳಾಕ ಬಂದೇನಿ. ಕೆಂಪ ಮಣ್ಣೆಲ್ಲ ಡ್ಯಾಮಿನ್ಯಾಗ ತಳಕ್ಕ ಕುಂದರ್ತೈತಿ. ಮ್ಯಾಲಿನ ನೀರ ಬಿಟ್ರ ತಿಳೀನ ಬರ್ತೈತಿ. ನಾನ ಬಿಟ್ಟು, ನಾನ ಕಣ್ಣಾರೆ ನೋಡೇನಿ.”

ನಂದಾ ಬಾಗಿಲಲ್ಲಿ ನಿಂತು, “ಹೌದೇನ್ರಿ ಕಾಕಾ?” ಎಂದಳು.

“ಹೂಂನವ್ವಾ. ನನ್ನ ಮಗಳನ್ನ ಕಾರವಾರಕ್ಕ ಕೊಟ್ಟೇನಲ್ಲ, ಅಲ್ಲಿ ಸಮುದ್ರ ದಿನಾ ಏರ್ತೈತಿ, ಇಳೀತೈತಿ. ಎಂಥಾ ಹಳೇ ಮೀನಗಾರ ಇದ್ರೂ ಉಬ್ಬರದ ಹೊತ್ತ ಕೇಳಿಕೊಂಡ ಇಳೀತಾನ. ನಮ್ಮ ಹೊಳಿಗೂ ಈಗ ಉಬ್ಬರ ಬಂದೈತಿ. ಅದು ಚಂದ್ರಾಮನ ಕೈಯಾಗ ಇಲ್ಲ, ಗೇಟಿನ ಕೈಯಾಗ ಐತಿ. ಹೊತ್ತ ಹೇಳಾಕ ಭೋಂಗಾ ಐತಿ.”

“ಹಂಗಾರ ದಂಡಿ ಮೆಟ್ಟಲ ಮ್ಯಾಲನ ಉಡಿ ತುಂಬೂಣ್ರಿ ಮಾವಾರ” ಎಂದಳು ನಂದಾ.

ಲಗಮಪ್ಪ ಬಸಿಯನ್ನು ಕಟ್ಟೆಯ ಮೇಲೆ ಕುಕ್ಕಿದರು. “ನಮ್ಮವ್ವ ಕುಂತ ಜಾಗಾ ಬಿಟ್ಟ ಬ್ಯಾರೆ ಕಡೆ ಉಡಿ ತುಂಬೂದಿಲ್ಲ. ಮಾತ ಮುಗೀತು.” ಮಾತು ಮುಗಿಯಿತು. ಹಿರಿಯರ ಹಟದ ಮುಂದೆ ಚಹಾ ಕೂಡ ಆರಿಹೋಗುತ್ತದೆ.

ಮರುದಿನ ಬಿಸಿಲು ಚೆನ್ನಾಗಿ ಬಿದ್ದ ಮೇಲೆ ಮೂವರು ಹೊಳೆಗೆ ಹೋದರು. ಲಗಮಪ್ಪ, ಅವರ ಹೆಂಡತಿ ಭರಮವ್ವ, ಸೊಸೆ ನಂದಾ. ಭರಮವ್ವನಿಗೆ ಮೊಣಕಾಲು ನೋವು. ಗಂಡನ ಹೆಗಲು ಹಿಡಿದು, ಒಂದೊಂದೇ ಹೆಜ್ಜೆ ಇಡುತ್ತ ಬಂಡೆ ಸೇರುವಷ್ಟರಲ್ಲಿ ಸಾಕಾಗಿ ಹೋದಳು. ಆದರೂ ಆ ಚಾಚಿನ ಮೇಲೆ ಅತ್ತೆ ಬಳಸುತ್ತಿದ್ದ ಹಿತ್ತಾಳೆ ಚರಿಗೆ, ಅಂದರೆ ತಂಬಿಗೆ, ಇಟ್ಟಾಗ ಅವಳ ಮುಖ ಅರಳಿತು. ಮದುವೆಯಾಗಿ ಬಂದ ವರ್ಷ ಅತ್ತೆ ತನ್ನನ್ನು ಇಲ್ಲೇ ಕೂಡಿಸಿ ಮೀನು ಹೆರೆಯುವುದು ಕಲಿಸಿದ್ದನ್ನು ಸೊಸೆಗೆ ಹೇಳತೊಡಗಿದಳು.

ಭೋಂಗಾ ಕೂಗಿತು. ದೂರದಿಂದ, ಉದ್ದಕ್ಕೆ.

“ಕಾರ್ಖಾನಿದು” ಎಂದರು ಲಗಮಪ್ಪ.

“ಮಾವಾರ, ಶ್ರಾವಣದಾಗ ಸಕ್ರಿ ಕಾರ್ಖಾನಿ ಎಲ್ಲಿ ಚಾಲೂ ಇರ್ತಾವ್ರಿ? ಕಬ್ಬ ಇನ್ನಾ ಹೊಲದಾಗ ಐತಿ!”

ಲಗಮಪ್ಪ ಬಗ್ಗಿ ಬೊಗಸೆಯಲ್ಲಿ ನೀರು ತೆಗೆದುಕೊಂಡು ತೋರಿಸಿದರು. “ನೋಡು. ಕುಡಿಯಾಕ ಬರೂವಂಗ ಐತಿ. ಸಾವಕಾಶ ತುಂಬ್ರಿ.”

ದಂಡೆಯಲ್ಲಿ, ನೀರಿಗೆ ಇಳಿಯದೆ, ಎಮ್ಮೆ ಮೈ ತೊಳೆಯುತ್ತಿದ್ದ ಮುರಿಗೆಪ್ಪ ಭೋಂಗಾ ಕೇಳಿದ ಕೂಡಲೇ ಎಮ್ಮೆಯನ್ನು ಮೇಲಕ್ಕೆ ಅಟ್ಟಿದರು. ಕೈಬೀಸಿ ಕೂಗತೊಡಗಿದರು. ಲಗಮಪ್ಪ ಕೇಳಿಸಿದರೂ ಕೇಳಿಸದಂತೆ ಇದ್ದರು.

ಭರಮವ್ವ ಚಾಚಿನ ಮೇಲೆ ಖಣ ಹಾಸಿ, ಕೊಬ್ಬರಿ ಬಟ್ಟಲು ಇಟ್ಟು, ಕಣ್ಣು ಮುಚ್ಚಿ ಕೈಮುಗಿದಳು. ಕಣ್ಣು ತೆರೆದಾಗ ಕೊಬ್ಬರಿ ಬಟ್ಟಲು ಅಲ್ಲಿರಲಿಲ್ಲ. ಖಣ ನೀರಿನ ಮೇಲೆ ತೇಲುತ್ತ ಹೊರಟಿತ್ತು.

ಲಗಮಪ್ಪ ನೋಡಿದರು. ತಾಯಿ ಕೂರುತ್ತಿದ್ದ ಚಾಚು ನೀರೊಳಗಿತ್ತು. ಅದರ ಮೇಲಿನ ಒಂದೊಂದು ಗೆರೆಯೂ ಕಾಣುವಷ್ಟು ನೀರು ತಿಳಿಯಾಗಿತ್ತು. ಕೆಂಪಿನ ಸುಳಿವೇ ಇರಲಿಲ್ಲ.

“ಏಳ್ರಿ! ಏಳ್ರಿ!”

ಭರಮವ್ವನಿಗೆ ಮೊಣಕಾಲು ನೋವಿನಿಂದ ಏಳಲಾಗಲಿಲ್ಲ. ಲಗಮಪ್ಪ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು ಇಳಿದರು. ಬರುವಾಗ ಮೊಣಕಾಲಿಗಿಂತ ಕೆಳಗಿದ್ದ ನೀರು ಈಗ ತೊಡೆಗೆ ಬಂದಿತ್ತು, ಕಾಲ ಕೆಳಗಿನ ಮರಳು ಎಳೆದುಕೊಂಡು ಹೋಗುತ್ತಿತ್ತು. ನಂದಾ ಹಿಂದಿನಿಂದ ಅತ್ತೆಯನ್ನು ಹಿಡಿದಿದ್ದಳು. ದಂಡೆಯಿಂದ ಮುರಿಗೆಪ್ಪ ಎಮ್ಮೆ ಕಟ್ಟುವ ಉದ್ದ ಹಗ್ಗ ಎಸೆದರು. ಬಟ್ಟೆ ಒಗೆಯಲು ಬಂದು ಮೇಲೆ ನಿಂತಿದ್ದ ಹೆಂಗಸರೂ ಹಗ್ಗಕ್ಕೆ ಕೈಹಾಕಿದರು.

ಹಗ್ಗ ಕೈಗೆ ಸಿಕ್ಕಿತು. ಆಗ ಲಗಮಪ್ಪನವರಿಗೆ ಚರಿಗೆ ನೆನಪಾಯಿತು. ತಾಯಿಯ ಚರಿಗೆ. ನಿಂತು ಹಿಂದಕ್ಕೆ ತಿರುಗಿದರು.

ಬೆನ್ನ ಮೇಲಿನಿಂದ ಭರಮವ್ವ ಅವರ ಕಿವಿಯಲ್ಲೇ ಚೀರಿದಳು. “ನಿಮ್ಮವ್ವನ ಚರಿಗಿ ಹೋದ್ರ ಹೋಗ್ಲಿ! ನನಗ ನಿಮ್ಮವ್ವನ ಮಗಾ ಬೇಕ್ರಿ!”

ಆ ಮಾತೇ ಅವರನ್ನು ದಂಡೆಗೆ ತಂದಿತು ಎಂದರೂ ತಪ್ಪಿಲ್ಲ. ಹಗ್ಗ ಎಳೆಯುವವರು ಎಳೆದರು. ಸೊಂಟದ ಮಟ್ಟದ ನೀರಿನಲ್ಲಿ ಒಮ್ಮೆ ಜಾರಿ, ಎದ್ದು, ಮೂವರೂ ಮೆಟ್ಟಿಲು ಹತ್ತಿದರು. ಭರಮವ್ವ ಕೂತಲ್ಲೇ ಅಳತೊಡಗಿದಳು. ನಂದಾ ಅತ್ತೆಯನ್ನು ಅಪ್ಪಿಕೊಂಡು ತಾನೂ ಅತ್ತಳು.

ಲಗಮಪ್ಪ ಹೊಳೆಯನ್ನೇ ನೋಡುತ್ತ ನಿಂತರು. ಚರಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇಂದ್ರವ್ವನ ಕಲ್ಲೂ ಮುಳುಗಿತು. ಬಿಸಿಲಿಗೆ ಹೊಳೆಯುತ್ತಿದ್ದ ತಿಳಿನೀರು ಅದರ ಮೇಲೆ ಹರಿದುಹೋಗುತ್ತಿತ್ತು.

“ಮುರಿಗ್ಯಾ,” ಎಂದರು. “ನಮ್ಮವ್ವ ಸುಳ್ಳ ಹೇಳಿದ್ಲೇನೋ?”

ಮುರಿಗೆಪ್ಪ ಗೆಳೆಯನ ಒದ್ದೆ ಹೆಗಲ ಮೇಲೆ ತಮ್ಮ ಟವೆಲ್ ಹೊದಿಸಿದರು. “ಹುಚ್ಚಪ್ಪಾ, ಆಕಿ ಯಾಕ ಸುಳ್ಳ ಹೇಳ್ಯಾಳ? ಆಕಿ ಕಾಲದಾಗ ಭೋಂಗಾ ಇರಲಿಲ್ಲ. ಕೆಂಪ ನೀರ ಆಕಿಗೆ ಭೋಂಗಾ ಇತ್ತು. ಇವತ್ತ ಆಕಿ ಇದ್ದಿದ್ರ, ಭೋಂಗಾ ಕೂಗಿದ ಕೂಡಲೇ ನಿನ್ನ ಕಿವಿ ಹಿಂಡಿ ದಂಡಿಗೆ ಎಳಕೊಂಡ ಬರ್ತಿದ್ಲು. ಬಲಿ ಬಿಟ್ಟ ಓಡಿ ಬಾ ಅಂದಿದ್ಲಲ್ಲ, ಆಕಿ ಮಾತ ಅದು.”

ಲಗಮಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಸಣ್ಣ ಹುಡುಗನ ಹಾಗೆ ಅತ್ತರು. ತಾಯಿ ಹೋದ ದಿನವೂ ಅವರು ಅಷ್ಟು ಅತ್ತಿರಲಿಲ್ಲ ಎಂದು ಭರಮವ್ವ ಈಗಲೂ ಹೇಳುತ್ತಾಳೆ.

ಮುಂದಿನ ಶುಕ್ರವಾರ ಮತ್ತೆ ಉಡಿ ತುಂಬಿದರು. ಆದರೆ ದಂಡೆಯ ಮೆಟ್ಟಿಲ ಮೇಲೆ, ನೀರಿಗೆ ಇಳಿಯದೆ. ಹೊಸ ಚರಿಗೆ ತಂದಿದ್ದಳು ನಂದಾ. ಕೊಬ್ಬರಿ ಬಟ್ಟಲು ತೇಲಿಬಿಡುವಾಗ ಲಗಮಪ್ಪ, “ಹೋಗಿ ಬಾರವ್ವಾ. ಇನ್ನ ಮ್ಯಾಲ ದಂಡಿಯಿಂದನ ಕಳಸ್ತೀವಿ” ಎಂದರು. ಯಾರಿಗೆ ಹೇಳಿದರೋ, ಹೊಳೆಗೋ, ತಾಯಿಗೋ.

ಈಗ ಆ ಊರಲ್ಲಿ ಡಂಗುರದ ಗಾಡಿ ಬಂದರೆ ಅದರ ಹಿಂದೆ ಲಗಮಪ್ಪ ಇರುತ್ತಾರೆ. ದಂಡೆಗುಂಟ ನಡೆದು, ಬಟ್ಟೆ ಒಗೆಯುವವರಿಗೂ ಬಲೆ ಹಾಕುವವರಿಗೂ ಹೇಳುತ್ತಾರೆ. “ನೀರಿನ ಬಣ್ಣ ನೋಡಬ್ಯಾಡ್ರಿ, ಭೋಂಗಾ ಕೇಳ್ರಿ. ಎದ್ದ ಬರ್ರಿ ಮೊದಲ.” ಯಾರಾದರೂ ‘ನಮ್ಮ ಹೊಳಿ ನಮಗ ಗೊತ್ತೈತಿ’ ಎಂದರೆ ಸಾಕು, ಅವರ ಬಾಜೂ ಕೂತು ಚರಿಗೆಯ ಕಥೆ ಶುರು ಮಾಡುತ್ತಾರೆ. ಆ ಕಥೆ ಮುಗಿಯುವುದರೊಳಗೆ ಎದ್ದು ದಂಡೆಗೆ ಹೋಗುವುದೇ ಲೇಸು ಎಂದು ಊರವರಿಗೆ ಗೊತ್ತಾಗಿದೆ.

ಹೊಳೆದಂಡೆಯ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ಒಬ್ಬ ಇಂದ್ರವ್ವ ಇದ್ದಿರಬಹುದು. ಅವಳ ನೆನಪನ್ನು ಎದೆಯಲ್ಲಿಟ್ಟುಕೊಳ್ಳಿ, ಕಿವಿಯನ್ನು ಭೋಂಗಾದ ಕಡೆ ಇಡಿ. ನೀರು ಬಿಡುವ ಸುದ್ದಿ ಬಂದರೆ ಹೊಳೆಗೆ ಇಳಿಯಬೇಡಿ. ಒಳಗಿದ್ದರೆ ಆ ಕ್ಷಣವೇ ಮೇಲೆ ಬನ್ನಿ. ಕೈಲಾಗದವರನ್ನು ಮೊದಲು ಕರೆತನ್ನಿ, ದನಕರುಗಳನ್ನು ಕೆಳಗೆ ಬಿಡಬೇಡಿ. ಸೇತುವೆ ಮೇಲೆ ನೀರು ಹರಿಯುತ್ತಿದ್ದರೆ ದಾಟಬೇಡಿ. ಯಾರಾದರೂ ಸಿಕ್ಕಿಕೊಂಡರೆ ನೀವು ನೀರಿಗೆ ಹಾರಬೇಡಿ, ದಂಡೆಯಿಂದ ಹಗ್ಗ ಎಸೆಯಿರಿ, ಒಂದು ಒಂದು ಎರಡಕ್ಕೆ ಫೋನ್ ಮಾಡಿ. ಬಿಟ್ಟು ಬಂದ ಬಲೆ, ಬಟ್ಟೆ, ಚರಿಗೆಗಾಗಿ ತಿರುಗಿ ಹೋಗಬೇಡಿ.

ಚರಿಗೆ ಪೇಟೆಯಲ್ಲಿ ಸಿಗುತ್ತದೆ. ಇಂದ್ರವ್ವನ ಮಗ ಸಿಗುವುದಿಲ್ಲ.