ಒಳಗಿದ್ದವರು

"ಏನವ್ವಾ, ನಿನ್ನ ಡಬ್ಬಿಗಿ ಎಚ್ಚರಾತೇನು? ಚಾಲೂ ಮಾಡ್ಲ್ಯಾ?"

ಸ್ವಿಚ್ಚಿನ ಹಿಡಿಕೆಯ ಮೇಲೆ ಕೈಯಿಟ್ಟುಕೊಂಡೇ ಭಗವಂತ ಆಫೀಸಿನ ಕಿಟಕಿಯತ್ತ ಕೂಗಿದ. ವಾಡಿ ಊರಿನ ಹೊರಗೆ ಕಲ್ಲನ್ನು ಜಲ್ಲಿ ಮಾಡುವ ಆ ಕ್ರಷರಿಗೆ ಕರೆಂಟ್ ಈಗಷ್ಟೇ ಮರಳಿತ್ತು. ಜಲ್ಲಿಗೆ ಬಂದ ನಾಲ್ಕು ಟಿಪ್ಪರುಗಳು ಇಂಜಿನ್ ಆರಿಸದೆ ಗುರುಗುಡುತ್ತಿದ್ದವು.

"ತಡೀರಿ ಕಾಕಾ," ಎಂದಳು ಒಳಗೆ ಕಂಪ್ಯೂಟರಿನ ಮುಂದೆ ಕುಳಿತಿದ್ದ ಸಮ್ರೀನ್.

ಪರದೆಯ ಮೇಲಿನ ಪ್ರೋಗ್ರಾಮ್ ಅವಳೇ ಬರೆದದ್ದು. ಒಂದೊಂದು ಯಂತ್ರವೂ ಅದರಲ್ಲಿ ಒಂದು ಆಬ್ಜೆಕ್ಟ್, ಅಂದರೆ ವಿವರಗಳ ಒಂದು ಗಂಟು. ಹೆಸರು, ಓಡಿದ ತಾಸು, ಗ್ರೀಸ್ ಹಾಕಿದ ದಿನ, ಬೆಲ್ಟ್ ಬದಲಿಸಿದ ದಿನ ಎಲ್ಲ ಅದರೊಳಗೇ. ನಿಮಿಷಕ್ಕೊಮ್ಮೆ ಅದು ಫೈಲಿಗೆ ಇಳಿಯುತ್ತದೆ. ಕಂಪ್ಯೂಟರ್ ಆರಿ ಹೊತ್ತಿಕೊಂಡರೆ ಆ ಫೈಲಿನಿಂದಲೇ ಮತ್ತೆ ಎದ್ದು ಬರುತ್ತದೆ. ಸೋಮವಾರ ಅವಳು ಐದನೆಯ ವಿವರವೊಂದನ್ನು ಸೇರಿಸಿದ್ದಳು: ಒಳಗಿದ್ದವರು. ರಿಪೇರಿಗೆ ಯಂತ್ರದೊಳಗೆ ಇಳಿಯುವವರು ಕಿಟಕಿಯಲ್ಲಿ ಹೆಸರು ಹೇಳಬೇಕು, ಹೊರಬಂದ ಮೇಲೆ ಅವಳು ಅಳಿಸುತ್ತಾಳೆ. ಮೊದಲೆಲ್ಲ ಇಳಿಯುವವರು, ಒಳಗೆ ಆಳಿದ್ದಾರೆಂಬ ಗುರುತಿಗೆ, ಸ್ವಿಚ್ಚಿನ ಹಿಡಿಕೆಗೆ ತಮ್ಮ ಟವೆಲ್ಲು ಕಟ್ಟಿ ಹೋಗುತ್ತಿದ್ದರು. ಸೋಮವಾರದಿಂದ ಅದು ನಿಂತಿತ್ತು.

ಈಗ ಪರದೆಯಲ್ಲಿ ಉಳಿದುದೆಲ್ಲ ಸರಿಯಾಗಿತ್ತು. 'ಒಳಗಿದ್ದವರು' ಮಾತ್ರ ಖಾಲಿ.

ಮುಂಜಾನೆ ರಿಪೇರಿಗೆ ಇಳಿದ ಅಂಬರಾಯನ ಹೆಸರು ಬರೆದದ್ದು ನೆನಪಿದೆ. ಅಳಿಸಿದ್ದು? ಅವನು ಹೊರಬಂದು ಕಿಟಕಿಯ ಬಳಿ ನೀರು ಕೇಳಿದ್ದು ಇವತ್ತೋ, ನಿನ್ನೆಯೋ?

"ಯಾರೂ ಇಲ್ಲ ಅಂತದೇನು?" ಎಂದ ಭಗವಂತ.

"ಹಂಗೇ ತೋರಸ್ಲಿಕತ್ತದರಿ. ಆದ್ರ..."

"ಮನಷ್ಯಾರು ಮರೀತಾರ, ಇದು ಮರ್ಯಂಗಿಲ್ಲ ಅಂದಾಕಿ ನೀನೇ. ಟಿಪ್ಪರ್‌ನೋರು ನನ್ನ ತಲಿ ತಿನ್ಲಿಕತ್ತಾರ. ಹತ್ತರ ತನ ಎಣಸ್ತೀನಿ ನೋಡು. ಒಂದ... ಎರಡ..."

ಅವಳು ಪ್ರೋಗ್ರಾಮಿನಲ್ಲಿ ಫೈಲಿಗೆ ಉಳಿಸುವ ಭಾಗವನ್ನು ತೆರೆದಳು. ಹೆಸರು. ತಾಸು. ಗ್ರೀಸ್. ಬೆಲ್ಟ್. ಅಷ್ಟೇ. ಐದನೆಯದನ್ನು ಯಂತ್ರಕ್ಕೆ ಸೇರಿಸಿದ್ದಳೇ ಹೊರತು, ಉಳಿಸು ಎಂದು ಎಲ್ಲೂ ಬರೆದಿರಲಿಲ್ಲ. ಒಳಗೆ ಯಾರಿದ್ದರೂ, ಇಲ್ಲದಿದ್ದರೂ, ಕಂಪ್ಯೂಟರ್ ಆರಿ ಎದ್ದಾಗ ಅದು ಖಾಲಿಯೇ.

"ಏಳ..."

"ಕೈ ತಗೀರಿ ಕಾಕಾ! ತಪ್ಪು ನಂದದ! ಅಂಬರಾಯಣ್ಣ ಒಳಗ ಇರಬೌದು!"

ಕುರ್ಚಿ ಉರುಳಿತು. ಅವಳು ಓಡಿ ಕ್ರಷರಿನ ಕಬ್ಬಿಣದ ಏಣಿ ಹತ್ತಿ, ಟಿಪ್ಪರುಗಳ ಗದ್ದಲದಲ್ಲಿ ಕೂಗು ಕೇಳಲಾರದೆಂದು ಕಲ್ಲೊಂದನ್ನು ಹಿಡಿದು ತಗಡಿಗೆ ಬಡಿದಳು. ಮತ್ತೆ ಬಡಿದಳು. ಮತ್ತೆ.

ಕ್ರಷರಿನ ಬಾಯಿಂದ ಬಿಳಿ ಧೂಳು ಮೆತ್ತಿದ ಮುಖವೊಂದು ಮೇಲೆದ್ದಿತು.

"ಏನವ್ವಾ ಇಷ್ಟು ಗದ್ಲ? ಇನ್ನೂ ಎರಡು ಬೋಲ್ಟ್ ಅವ," ಎಂದ ಅಂಬರಾಯ. "ಚಾ ಬಂತೇನು?"

ಭಗವಂತ ಸ್ವಿಚ್ಚಿನ ಮೂರು ಫ್ಯೂಜುಗಳನ್ನೂ ಕಿತ್ತು ತಂದು ಅವಳ ಅಂಗೈಯಲ್ಲಿಟ್ಟ.

ಅಂಬರಾಯ ಮತ್ತೆ ಒಳಗಿಳಿದ. ಸಮ್ರೀನ್ ಫ್ಯೂಜು ಹಿಡಿದ ಮುಷ್ಟಿ ಬಿಚ್ಚದೆ ಬಿಸಿಲಲ್ಲೇ ನಿಂತಳು. ಒಳಗಿನಿಂದ ಸುತ್ತಿಗೆಯ ಸದ್ದು ಒಂದೊಂದಾಗಿ ಬರತೊಡಗಿತು.